ಕಾಲು ಮಡಚಿ ಕುಳಿತಿದ್ದ ಅತ್ತೆಯವರ ಕೈ ಏರ್‌ಬ್ಯಾಗ್ ಬಡಿದು ಮುರಿಯಿತು: ಏರ್‌ಬ್ಯಾಗ್ ತೆಗೆಸುವುದು ಸರಿಯೇ?

ಪ್ರಶ್ನೆ: ಕುವೆಂಪುನಗರದ ನಿವಾಸಿ, ಮೈಸೂರು

ಎಲ್ಲರಿಗೂ ನಮಸ್ಕಾರ. ಹದಿನೈದು ದಿನಗಳ ಹಿಂದೆ ನಮ್ಮ ಯಜಮಾನರು, ನಾನು, ಎಪ್ಪತ್ತೊಂದು ವರ್ಷದ ನಮ್ಮ ಅತ್ತೆಯವರು ಮತ್ತು ನಾಲ್ಕು ವರ್ಷದ ಮಗ ಮೇಲುಕೋಟೆಗೆ ಕಾರಿನಲ್ಲಿ ಹೊರಟಿದ್ದೆವು. ಜಕ್ಕನಹಳ್ಳಿ ಇನ್ನೂ ಸ್ವಲ್ಪ ದೂರವಿರುವಾಗ ನಮ್ಮ ಮುಂದೆ ಕಬ್ಬು ತುಂಬಿಕೊಂಡು ಹೋಗುತ್ತಿದ್ದ ಟ್ರ್ಯಾಕ್ಟರ್ ಹಂಪ್ ಬಂದಿತೆಂದು ಒಮ್ಮೆಲೇ ನಿಂತಿತು. ಯಜಮಾನರು ಬ್ರೇಕ್ ಒತ್ತಿದರೂ ಕಾರು ಪೂರ್ತಿ ನಿಲ್ಲದೆ ಟ್ರೈಲರಿನ ಹಿಂಬದಿಗೆ ಬಡಿಯಿತು. ಬಡಿಯುವಾಗ ವೇಗ ನಲವತ್ತರ ಆಸುಪಾಸಿನಲ್ಲಿತ್ತು ಎಂದು ಅವರು ಹೇಳುತ್ತಾರೆ.

ಮುಂದಿನ ಎರಡೂ ಏರ್‌ಬ್ಯಾಗ್ ತೆರೆದುಕೊಂಡವು. ಯಜಮಾನರಿಗೆ ಎದೆಯ ಮೇಲೆ ಬೆಲ್ಟಿನ ಗುರುತು ಬಿದ್ದದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಆದರೆ ಪಕ್ಕದಲ್ಲಿ ಕುಳಿತಿದ್ದ ಅತ್ತೆಯವರ ಬಲ ಮುಂಗೈ ಎರಡು ಕಡೆ ಮುರಿಯಿತು, ಗಾಜಿನ ಬಳೆಗಳು ಒಡೆದು ಮಣಿಕಟ್ಟಿಗೆ ಚುಚ್ಚಿಕೊಂಡವು, ಕೆನ್ನೆ ಮತ್ತು ಗದ್ದ ಬೆಂದ ಹಾಗೆ ಕೆಂಪಾಗಿ ಸಿಪ್ಪೆ ಎದ್ದವು. ಕಾರಿನೊಳಗೆ ಬಿಳಿ ಹೊಗೆಯಂತೆ ಏನೋ ತುಂಬಿ ಸುಟ್ಟ ವಾಸನೆ ಬಂದುದರಿಂದ ಬೆಂಕಿಯೇ ಹತ್ತಿತೆಂದು ಹೆದರಿ ನಾವೆಲ್ಲ ಕೆಳಗಿಳಿದು ಓಡಿದೆವು.

ಅವರು ಕುಳಿತಿದ್ದ ರೀತಿಯನ್ನೂ ಮುಚ್ಚುಮರೆಯಿಲ್ಲದೆ ಹೇಳಬೇಕು. ಅತ್ತೆಯವರು ಮಂಚದ ಮೇಲಾಗಲಿ ಬಸ್ಸಿನಲ್ಲಾಗಲಿ ಚಕ್ಕಳಮಕ್ಕಳ ಹಾಕಿಯೇ ಕೂರುವವರು. ಕಾಲು ಇಳಿಬಿಟ್ಟರೆ ಪಾದ ಊದಿಕೊಳ್ಳುತ್ತದೆ ಎನ್ನುತ್ತಾರೆ, ಅದು ನಿಜವೂ ಹೌದು. ಹಿಂದೆ ಕುಳಿತಿದ್ದ ನನ್ನ ಮೊಣಕಾಲಿಗೆ ಜಾಗವಾಗಲಿ ಎಂದು ಅವರ ಸೀಟನ್ನು ಮುಂದಕ್ಕೆ ಎಳೆದಿದ್ದೆವು. ಬೆಲ್ಟ್ ಕುತ್ತಿಗೆಗೆ ಉಜ್ಜುತ್ತದೆಂದು ಅದನ್ನು ಎಡ ತೋಳಿನ ಕೆಳಗಿನಿಂದ ಹಾಯಿಸಿಕೊಂಡಿದ್ದರು. ಟ್ರ್ಯಾಕ್ಟರ್ ಕಂಡೊಡನೆ ಎಲ್ಲರೂ ಮಾಡುವಂತೆ ಬಲಗೈಯನ್ನು ಡ್ಯಾಶ್‌ಬೋರ್ಡಿಗೆ ಊರಿದರು. ಮಗು ಹಿಂದೆ ನನ್ನ ತೊಡೆಯ ಮೇಲಿತ್ತು. ನಾನು ಬಿಗಿಯಾಗಿ ಹಿಡಿದಿದ್ದೆ ಎಂದೇ ತಿಳಿದಿದ್ದೆ, ಆದರೂ ಕೈತಪ್ಪಿ ಮುಂದಿನ ಸೀಟಿನ ಬೆನ್ನಿಗೆ ಅವನ ಹಣೆ ಬಡಿದು ಊದಿಕೊಂಡಿತು.

ಏರ್‌ಬ್ಯಾಗ್ ಇಲ್ಲದಿದ್ದರೆ ಅವರ ಕೈಗೆ ಏನೂ ಆಗುತ್ತಿರಲಿಲ್ಲವೆಂದು ನೆಂಟರೆಲ್ಲ ಹೇಳುತ್ತಿದ್ದಾರೆ. ಕಾರನ್ನು ಬಿಟ್ಟಿರುವ ದುರಸ್ತಿ ಅಂಗಡಿಯವರು ಹೊಸ ಏರ್‌ಬ್ಯಾಗಿಗೆ ಬಹಳ ಖರ್ಚಾಗುತ್ತದೆ, ಅದನ್ನು ಹಾಕದೆಯೇ ಎಚ್ಚರಿಕೆ ದೀಪ ಮಾತ್ರ ಆರುವಂತೆ ಮಾಡಿಕೊಡುತ್ತೇವೆ ಎಂದಿದ್ದಾರೆ. ಮುಂದಿನ ತಿಂಗಳು ನನ್ನ ತಂಗಿಯನ್ನು ಸೀಮಂತ ಮುಗಿಸಿ ಮಂಡ್ಯದಿಂದ ಕರೆತರಬೇಕು. ಅವಳಿಗೆ ಆಗ ಏಳು ತಿಂಗಳು ತುಂಬಿರುತ್ತದೆ. ಏರ್‌ಬ್ಯಾಗ್ ತೆಗೆಸುವುದೇ ಕ್ಷೇಮವೋ, ಅಥವಾ ನಾವು ಕೂರುವ ಕ್ರಮವೇ ತಪ್ಪಾಗಿತ್ತೋ ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ: ಮೂಳೆ ವೈದ್ಯೆ, ಮಂಡ್ಯ

ನಿಮ್ಮ ಅತ್ತೆಯವರು ಬೇಗ ಗುಣವಾಗಲಿ. ನೀವು ಅವರು ಕುಳಿತಿದ್ದ ರೀತಿಯನ್ನು ಇಷ್ಟು ವಿವರವಾಗಿ ಬರೆದಿರುವುದರಿಂದ ಉತ್ತರಿಸುವುದು ಸುಲಭವಾಯಿತು. ಅಪಘಾತದ ನಂತರ ಬರುವ ಬಹುಪಾಲು ಮನೆಯವರು, ಗಾಯಾಳು ಹೇಗೆ ಕುಳಿತಿದ್ದರು ಎಂದು ಕೇಳಿದರೆ "ಸುಮ್ಮನೆ ಕುಳಿತಿದ್ದರು" ಎಂದಷ್ಟೇ ಹೇಳುತ್ತಾರೆ.

ಮೊದಲು ಕೈಯ ವಿಷಯ. ಪ್ರಯಾಣಿಕರ ಬದಿಯ ಏರ್‌ಬ್ಯಾಗ್ ಡ್ಯಾಶ್‌ಬೋರ್ಡಿನ ಮೇಲ್ಭಾಗದ ಮುಚ್ಚಳವನ್ನು ಸೀಳಿಕೊಂಡು ಹೊರಬರುತ್ತದೆ. ಪೂರ್ತಿ ಉಬ್ಬಲು ಅದು ತೆಗೆದುಕೊಳ್ಳುವ ಕಾಲ ಒಂದು ಸೆಕೆಂಡಿನ ನೂರನೆಯ ಮೂರರಿಂದ ಐದು ಭಾಗ ಮಾತ್ರ. ಕಣ್ಣು ಮಿಟುಕಿಸಲು ಇದಕ್ಕಿಂತ ಹೆಚ್ಚು ಹೊತ್ತು ಬೇಕು. ಚೀಲ ಹೊರನುಗ್ಗುವ ವೇಗ ಗಂಟೆಗೆ 300 ಕಿಲೋಮೀಟರಿನವರೆಗೂ ಇರುತ್ತದೆ. ಅದರ ರಭಸವೆಲ್ಲ ಮೊದಲ ಐದರಿಂದ ಎಂಟು ಸೆಂಟಿಮೀಟರಿನಲ್ಲಿಯೇ ಇದೆ. ಅಲ್ಲಿಂದ ಮುಂದೆ ಚೀಲ ಹರಡಿಕೊಂಡು ಮೆತ್ತಗಾಗುತ್ತಾ ಬರುತ್ತದೆ, ಹಿಂಭಾಗದ ರಂಧ್ರಗಳಿಂದ ಗಾಳಿಯನ್ನು ಬಿಡುತ್ತಾ ಕುಸಿಯುತ್ತದೆ. ನಿಮ್ಮ ಯಜಮಾನರ ಎದೆ ಚೀಲವನ್ನು ಸಂಧಿಸಿದ್ದು ಅದು ಮೆತ್ತಗಾದ ಜಾಗದಲ್ಲಿ. ಅತ್ತೆಯವರ ಕೈ ಇದ್ದದ್ದು ಅದು ಬಾಯಿ ತೆರೆಯುವ ಜಾಗದ ಮೇಲೆಯೇ. ಚೀಲ ಒಂದೇ ಬಗೆಯದು, ಇಬ್ಬರಿಗೆ ಎರಡು ಫಲ ದೊರೆತದ್ದು ಈ ಒಂದು ಗೇಣಿನ ವ್ಯತ್ಯಾಸದಿಂದ. ಕೆನ್ನೆಯ ಮೇಲಿನ ಗಾಯ ಬಟ್ಟೆ ಉಜ್ಜಿ ಮತ್ತು ಬಿಸಿ ಅನಿಲ ತಾಗಿ ಆಗುವಂಥದ್ದು. ಸಾಮಾನ್ಯವಾಗಿ ಕಲೆ ಉಳಿಯದೆ ಮಾಯುತ್ತದೆ. ಕಣ್ಣಿನಲ್ಲಿ ಉರಿ ಅಥವಾ ಮಂಜು ಇದ್ದರೆ ಮಾತ್ರ ತಡಮಾಡದೆ ನೇತ್ರ ವೈದ್ಯರಿಗೆ ತೋರಿಸಿ.

ಮಡಚಿದ ಕಾಲು ನನಗೆ ಕೈಗಿಂತ ಹೆಚ್ಚು ಕಳವಳ ತರುವ ಸಂಗತಿ, ಆದ್ದರಿಂದ ಅದರ ಬಗ್ಗೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಚಕ್ಕಳಮಕ್ಕಳ ಹಾಕಿದಾಗ ಸೊಂಟ ಹಿಂದಕ್ಕೆ ವಾಲುತ್ತದೆ, ಬೆನ್ನು ಗೂನಾಗುತ್ತದೆ, ತೊಡೆಗಳು ಮೇಲೇಳುತ್ತವೆ. ಆಗ ಸೊಂಟದ ಬೆಲ್ಟು ಎರಡು ಬದಿಯ ಸೊಂಟದ ಮೂಳೆಗಳ ಮೇಲೆ ಕೂರಲಾರದೆ ಮೆತ್ತನೆಯ ಹೊಟ್ಟೆಯ ಮೇಲೆ ಕೂರುತ್ತದೆ. ಬೆಲ್ಟು ನಮ್ಮನ್ನು ಹಿಡಿಯಬೇಕಾದದ್ದು ದೇಹದ ಅತಿ ಗಟ್ಟಿಯಾದ ಎಲುಬುಗಳಿಂದ, ಅಂದರೆ ಸೊಂಟ, ಎದೆಯ ನಡುಮೂಳೆ ಮತ್ತು ಹೆಗಲಿನ ಎಲುಬಿನಿಂದ. ಹೊಟ್ಟೆಯ ಮೇಲೆ ಕೂತ ಬೆಲ್ಟು ಅಪಘಾತದ ಗಳಿಗೆಯಲ್ಲಿ ಕರುಳನ್ನು ಬೆನ್ನುಮೂಳೆಗೆ ಒತ್ತಿ ಹಿಸುಕುತ್ತದೆ. ಕೆಲವರಲ್ಲಿ ಬೆನ್ನಿನ ಕೆಳಭಾಗದ ಮೂಳೆಯೇ ಅಡ್ಡಲಾಗಿ ಸೀಳಿ ಹೋಗುತ್ತದೆ. ಇನ್ನು ನೆಲಕ್ಕೆ ಪಾದ ಊರದವರಿಗೆ ದೇಹವನ್ನು ತಡೆದುಕೊಳ್ಳಲು ಕೆಳಗಿನಿಂದ ಯಾವ ಆಧಾರವೂ ಇಲ್ಲ, ಮೊಣಕಾಲು ಮಾತ್ರ ಡ್ಯಾಶ್‌ಬೋರ್ಡಿಗೆ ಸಮೀಪದಲ್ಲಿರುತ್ತದೆ. ಮೊಣಕಾಲಿಗೆ ಬಿದ್ದ ಪೆಟ್ಟು ತೊಡೆಯ ಮೂಳೆಯುದ್ದಕ್ಕೂ ಸಾಗಿ ಸೊಂಟದ ಕೀಲನ್ನು ಗುಳಿಯಿಂದ ಹಿಂದಕ್ಕೆ ನೂಕಬಲ್ಲದು. ಕಾಲನ್ನು ಡ್ಯಾಶ್‌ಬೋರ್ಡಿನ ಮೇಲೆಯೇ ಚಾಚಿಕೊಂಡು ಕೂರುವವರಲ್ಲಂತೂ ಏರ್‌ಬ್ಯಾಗ್ ಆ ಕಾಲನ್ನು ಅವರ ಮುಖದತ್ತಲೇ ಎಸೆಯುತ್ತದೆ; ತೊಡೆಯ ಮೂಳೆ, ಸೊಂಟದ ಗುಳಿ, ಮುಖದ ಮೂಳೆ ಮೂರೂ ಒಟ್ಟಿಗೆ ಮುರಿಯುವುದುಂಟು. ಸೊಂಟದ ಗುಳಿ ಪುಡಿಯಾದ ಯುವಕರು ಎಷ್ಟು ಒಳ್ಳೆಯ ಶಸ್ತ್ರಚಿಕಿತ್ಸೆಯಾದರೂ ಮತ್ತೆ ನೆಲದ ಮೇಲೆ ಕೂರಲು ಪಡುವ ಪಾಡನ್ನು ನಾನು ಹತ್ತಿರದಿಂದ ನೋಡಿದ್ದೇನೆ.

ತೋಳಿನ ಕೆಳಗೆ ಬೆಲ್ಟು ಹಾಯಿಸಿಕೊಳ್ಳುವ ಅಭ್ಯಾಸವನ್ನು ಇಂದೇ ಬಿಡಿಸಿ. ಎಡ ಸೀಟಿನವರಿಗೆ ಅದು ಎಡಗಡೆಯ ಕೆಳ ಪಕ್ಕೆಲುಬುಗಳ ಮೇಲೆ ಬರುತ್ತದೆ. ಎಪ್ಪತ್ತು ದಾಟಿದವರ ಪಕ್ಕೆಲುಬು ಒಣಗಿದ ಕಡ್ಡಿಯಂತೆ ಮುರಿಯುತ್ತದೆ, ಅದರ ಒಳಗೇ ರಕ್ತ ತುಂಬಿದ ಗುಲ್ಮ (ಸ್ಪ್ಲೀನ್) ಎಂಬ ಅಂಗವಿದೆ. ಎಕ್ಸ್‌ರೇಯಲ್ಲಿ ಕೈ ಮಾತ್ರ ನೋಡಿದ್ದರೆ, ಪಕ್ಕೆ ಅಥವಾ ಹೊಟ್ಟೆಯಲ್ಲಿ ನೋವು ಉಳಿದಿದ್ದರೆ ದಯವಿಟ್ಟು ಒಮ್ಮೆ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿ. ಬೆಲ್ಟು ಕುತ್ತಿಗೆಗೆ ಉಜ್ಜುವುದಾದರೆ, ಬಾಗಿಲಿನ ಪಕ್ಕದ ಕಂಬದಲ್ಲಿ ಬೆಲ್ಟನ್ನು ಮೇಲೆ ಕೆಳಗೆ ಸರಿಸುವ ಗುಂಡಿ ಅನೇಕ ಕಾರುಗಳಲ್ಲಿದೆ. ಅದನ್ನು ಕೆಳಗಿಳಿಸಿದರೆ ಪಟ್ಟಿ ಹೆಗಲಿನ ನಡುವೆ ಕೂರುತ್ತದೆ.

ನಿಮ್ಮ ತಂಗಿಯ ವಿಷಯ. ಗರ್ಭಿಣಿಯರು ಬೆಲ್ಟು ಹಾಕಬಾರದೆಂಬ ಮಾತು ನಮ್ಮ ಕಡೆ ಬಹಳ ಪ್ರಚಾರದಲ್ಲಿದೆ, ಅದು ತಾಯಿ ಮಗು ಇಬ್ಬರಿಗೂ ಅಪಾಯಕಾರಿ. ಕೆಳಗಿನ ಪಟ್ಟಿ ಹೊಟ್ಟೆಯ ಉಬ್ಬಿನ ಕೆಳಗೆ, ತೊಡೆಸಂದಿಗೆ ತಾಗುವಂತೆ ಸೊಂಟದ ಮೂಳೆಗಳ ಮೇಲೆ ಇರಬೇಕು. ಮೇಲಿನ ಪಟ್ಟಿ ಎರಡು ಸ್ತನಗಳ ನಡುವಿನಿಂದ ಹಾದು ಹೊಟ್ಟೆಯ ಬದಿಗೆ ಇಳಿಯಬೇಕು. ಹಿಂದಿನ ಸೀಟಿನಲ್ಲಿ ಕೂರಿಸಿದರೆ ಒಳ್ಳೆಯದು. ಮುಂದೆಯೇ ಕೂರಬೇಕಾದರೆ ಸೀಟನ್ನು ಸಾಧ್ಯವಾದಷ್ಟು ಹಿಂದಕ್ಕೆ ಸರಿಸಲಿ, ಏರ್‌ಬ್ಯಾಗ್ ಇರಲಿ. ದಾರಿಯಲ್ಲಿ ಸಣ್ಣದೊಂದು ಡಿಕ್ಕಿಯಾದರೂ, ನೋವಿಲ್ಲದಿದ್ದರೂ, ನೇರವಾಗಿ ಆಸ್ಪತ್ರೆಗೆ ಕರೆದೊಯ್ದು ಕೆಲವು ಗಂಟೆ ನಿಗಾದಲ್ಲಿಡಿಸಿ; ಮಾಸು ಗರ್ಭಕೋಶದ ಗೋಡೆಯಿಂದ ಬಿಡುವುದು ಹೊರಗೆ ತಿಳಿಯದೆಯೇ ಆರಂಭವಾಗಬಹುದು.

ಉತ್ತರ: ಕಾರು ಬಾಡಿ ಕೆಲಸದವರು, ಹೆಬ್ಬಾಳು ಕೈಗಾರಿಕಾ ಪ್ರದೇಶ, ಮೈಸೂರು

ವೈದ್ಯರು ದೇಹದ ಮಾತು ಹೇಳಿದ್ದಾರೆ. ನಾನು ಹತ್ತೊಂಬತ್ತು ವರ್ಷಗಳಿಂದ ಡಿಕ್ಕಿಯಾದ ಕಾರುಗಳನ್ನು ಬಿಚ್ಚಿ ಜೋಡಿಸುವವನಾದ್ದರಿಂದ ಯಂತ್ರದ ಮಾತು ಹೇಳುತ್ತೇನೆ.

ದೀಪ ಮಾತ್ರ ಆರಿಸಿಕೊಡುತ್ತೇವೆ ಎಂದವರಿಂದ ಕಾರನ್ನು ಕೂಡಲೇ ಬಿಡಿಸಿಕೊಳ್ಳಿ. ಅವರು ಮಾಡುವುದಿಷ್ಟೇ: ಏರ್‌ಬ್ಯಾಗಿನ ತಂತಿಗೆ ಒಂದು ಸಣ್ಣ ರೆಸಿಸ್ಟರ್ ಜೋಡಿಸಿ, ಅಲ್ಲಿ ಏರ್‌ಬ್ಯಾಗ್ ಇದೆಯೆಂದು ಕಾರಿನ ಗಣಕವನ್ನು ನಂಬಿಸುತ್ತಾರೆ. ಒಳಗೆ ಖಾಲಿ. ನಿಮ್ಮ ನಂತರ ಆ ಕಾರನ್ನು ಕೊಳ್ಳುವವರಿಗೆ ಅದು ಗೊತ್ತೇ ಆಗುವುದಿಲ್ಲ. ಇಗ್ನಿಷನ್ ಆನ್ ಮಾಡಿದಾಗ ಏರ್‌ಬ್ಯಾಗಿನ ದೀಪ ಕೆಲವು ಸೆಕೆಂಡು ಹತ್ತಿ ಆರಬೇಕು. ಹತ್ತದೇ ಇದ್ದರೂ, ಹತ್ತಿದ್ದು ಆರದೇ ಇದ್ದರೂ ವ್ಯವಸ್ಥೆಯಲ್ಲಿ ದೋಷವಿದೆ ಎಂದೇ ಅರ್ಥ. ನಿಮ್ಮ ಕಾರಿನಲ್ಲಿ ಚೀಲಗಳ ಜೊತೆಗೆ ಗಣಕದ ಪೆಟ್ಟಿಗೆಯನ್ನೂ, ಡಿಕ್ಕಿಯಲ್ಲಿ ಬೆಲ್ಟನ್ನು ಬಿಗಿಯಾಗಿ ಎಳೆದುಕೊಂಡ ಸಾಧನವನ್ನೂ ತಯಾರಕರು ಹೇಳುವಂತೆ ಬದಲಿಸಬೇಕಾಗುತ್ತದೆ. ಒಮ್ಮೆ ಎಳೆದ ಬೆಲ್ಟು ನೋಡಲು ಚೆನ್ನಾಗಿದ್ದರೂ ಮತ್ತೆ ಎಳೆಯುವುದಿಲ್ಲ. ವಿಮೆಯಲ್ಲಿ ಇದಕ್ಕೆ ಹಣ ಕೇಳಿ, ಬಿಲ್ಲಿನಲ್ಲಿ ಭಾಗದ ಸಂಖ್ಯೆ ಬರೆಸಿಕೊಳ್ಳಿ.

ಏರ್‌ಬ್ಯಾಗಿನ ಮುಚ್ಚಳದ ಮೇಲೆ ಎಸ್‌ಆರ್‌ಎಸ್ ಎಂಬ ಮೂರಕ್ಷರ ಇರುವುದನ್ನು ನೋಡಿರುತ್ತೀರಿ. ಅದರ ಮೊದಲ ಅಕ್ಷರದ ಅರ್ಥ "ಪೂರಕ". ಮೂಲ ರಕ್ಷಣೆ ಬೆಲ್ಟಿನದು. ಸ್ವೀಡನ್ನಿನ ವೋಲ್ವೊ ಸಂಸ್ಥೆಯಲ್ಲಿದ್ದ ನಿಲ್ಸ್ ಬೋಲಿನ್ 1959ರಲ್ಲಿ ರೂಪಿಸಿದ, ಎಲ್ಲ ತಯಾರಕರಿಗೂ ಬಳಸಲು ಆ ಸಂಸ್ಥೆ ಮುಕ್ತವಾಗಿ ಬಿಟ್ಟುಕೊಟ್ಟ ಮೂರು ಬಿಂದುಗಳ ಬೆಲ್ಟೇ ಇಂದಿಗೂ ನಮ್ಮ ಕಾರುಗಳಲ್ಲಿರುವುದು. ಬೆಲ್ಟು ದೇಹವನ್ನು ಅದರ ಜಾಗದಲ್ಲಿ ಹಿಡಿದಿಟ್ಟರೆ ಮಾತ್ರ ಏರ್‌ಬ್ಯಾಗ್ ಲೆಕ್ಕದಂತೆ ಕೆಲಸ ಮಾಡುತ್ತದೆ. ಅಮೆರಿಕದಲ್ಲಿ 1990ರಿಂದ 2008ರವರೆಗೆ ಕಡಿಮೆ ವೇಗದ ಅಪಘಾತಗಳಲ್ಲಿ ಮುಂಭಾಗದ ಏರ್‌ಬ್ಯಾಗಿನ ಪೆಟ್ಟಿನಿಂದಲೇ ಸತ್ತವರು 290ಕ್ಕೂ ಹೆಚ್ಚು ಎಂದು ಅಲ್ಲಿನ ಸಾರಿಗೆ ಸುರಕ್ಷತಾ ಇಲಾಖೆ ಅಂದಾಜು ಮಾಡಿತು. ಅವರಲ್ಲಿ ಶೇ. 80ಕ್ಕಿಂತ ಹೆಚ್ಚು ಜನ ಬೆಲ್ಟು ಹಾಕದವರು ಅಥವಾ ತಪ್ಪಾಗಿ ಹಾಕಿದ್ದವರು. ಸತ್ತ ಪ್ರಯಾಣಿಕರಲ್ಲಿ ಬಹುಪಾಲು ಮಕ್ಕಳು. ನಮ್ಮ ದೇಶದಲ್ಲಿಯೇ 2024ರ ಡಿಸೆಂಬರಿನಲ್ಲಿ ನವಿ ಮುಂಬೈಯಲ್ಲಿ ಮುಂದಿನ ಸೀಟಿನಲ್ಲಿದ್ದ ಆರು ವರ್ಷದ ಬಾಲಕ ಏರ್‌ಬ್ಯಾಗ್ ತೆರೆದ ಅಪಘಾತದಲ್ಲಿ ತೀರಿಕೊಂಡದ್ದನ್ನು ಪತ್ರಿಕೆಗಳಲ್ಲಿ ಓದಿರಬಹುದು. ಆದ್ದರಿಂದ ಹದಿಮೂರು ವರ್ಷದೊಳಗಿನ ಮಕ್ಕಳು ಹಿಂದೆಯೇ ಇರಲಿ. ಹಿಮ್ಮುಖವಾಗಿ ಕೂರಿಸುವ ಶಿಶು ಆಸನವನ್ನು ಚಾಲೂ ಇರುವ ಏರ್‌ಬ್ಯಾಗಿನ ಎದುರು ಎಂದಿಗೂ ಇಡಬಾರದು. ಸೂರ್ಯನ ಬಿಸಿಲು ತಡೆಯುವ ಮುಂದಿನ ಫಲಕದ ಮೇಲೆ ಅಂಟಿಸಿರುವ ಚಿತ್ರ ಹೇಳುವುದು ಅದನ್ನೇ.

ನಿಮ್ಮ ನಾಲ್ಕು ವರ್ಷದ ಮಗನ ಮಾತಿಗೆ ಬರುತ್ತೇನೆ. ಅವನ ತೂಕ ಹದಿನೈದು ಕಿಲೋ ಎಂದಿಟ್ಟುಕೊಳ್ಳಿ. ನಲವತ್ತರ ವೇಗದಲ್ಲಿದ್ದ ಕಾರು ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ನಿಂತರೆ ಆ ಗಳಿಗೆಯಲ್ಲಿ ಅವನು ನಿಮ್ಮ ಕೈಗೆ ಸುಮಾರು 170 ಕಿಲೋ ಭಾರವಾಗುತ್ತಾನೆ, ಅಂದರೆ ಮೂರು ಸಿಮೆಂಟ್ ಮೂಟೆಗಿಂತ ಹೆಚ್ಚು. ಯಾವ ತಾಯಿಯ ತೋಳೂ ಅದನ್ನು ಹಿಡಿಯಲಾರದು, ಆದ್ದರಿಂದ ಕೈತಪ್ಪಿತೆಂದು ನೀವು ನೊಂದುಕೊಳ್ಳಬೇಡಿ. ಅವನಿಗೊಂದು ಮಕ್ಕಳ ಆಸನ ಕೊಳ್ಳಿ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 194ಬಿ ಕಲಮಿನ ಪ್ರಕಾರ ಹದಿನಾಲ್ಕು ವರ್ಷದೊಳಗಿನ ಮಗುವನ್ನು ಬೆಲ್ಟು ಅಥವಾ ಮಕ್ಕಳ ಆಸನವಿಲ್ಲದೆ ಕರೆದೊಯ್ಯುವುದು 1,000 ರೂಪಾಯಿ ದಂಡದ ಅಪರಾಧವೂ ಹೌದು.

ಇನ್ನೊಂದು ಮಾತು ನಮ್ಮ ಊರಿನ ರೂಢಿಯ ಬಗ್ಗೆ. ಹೊಸ ಕಾರು ಮನೆಗೆ ಬಂದ ವಾರದೊಳಗೆ ಪೂಜೆ ಮಾಡಿಸಿ, ಡ್ಯಾಶ್‌ಬೋರ್ಡಿನ ಮೇಲೆ ಹಿತ್ತಾಳೆಯ ಗಣಪತಿಯನ್ನು ಅಂಟಿಸಿ, ಸೀಟಿಗೆ ದಪ್ಪ ರೆಕ್ಸಿನ್ ಕವರ್ ಹೊಲಿಸುತ್ತೇವೆ. ಕಳೆದ ವರ್ಷ ನನ್ನಲ್ಲಿಗೆ ಬಂದ ಒಂದು ಕಾರಿನಲ್ಲಿ, ಏರ್‌ಬ್ಯಾಗ್ ಮುಚ್ಚಳದ ಮೇಲಿದ್ದ ವಿಗ್ರಹ ಹಾರಿ ಮುಂದಿನ ಗಾಜಿಗೆ ಬಡಿದು, ಗಾಜು ಜೇಡರ ಬಲೆಯಂತೆ ಒಡೆದು, ನಡುವೆ ಹೆಬ್ಬೆರಳು ತೂರುವಷ್ಟು ತೂತಾಗಿತ್ತು. ಅದು ಮುಂದಕ್ಕೆ ಹಾರದೆ ಹಿಂದಕ್ಕೆ ಹಾರಿದ್ದರೆ ಪ್ರಯಾಣಿಕರ ಮುಖಕ್ಕೆ ಬಡಿಯುತ್ತಿತ್ತು. ದೇವರನ್ನು ಮುಚ್ಚಳದಿಂದ ದೂರ, ನಡುಭಾಗದಲ್ಲಿ ಚಪ್ಪಟೆಯಾದ ಚಿತ್ರವಾಗಿ ಇಟ್ಟುಕೊಳ್ಳುವುದು ಭಕ್ತಿಗೆ ಕುಂದಲ್ಲ ಎಂದು ನಾನು ಗಿರಾಕಿಗಳಿಗೆ ಕೈಮುಗಿದು ಹೇಳುತ್ತೇನೆ. ಸೀಟಿನ ಬದಿಯಲ್ಲಿ ಏರ್‌ಬ್ಯಾಗ್ ಎಂಬ ಚೀಟಿ ಇದ್ದರೆ ಆ ಚೀಲ ಸೀಟಿನ ಹೊಲಿಗೆ ಬಿಚ್ಚಿಕೊಂಡು ಬರಬೇಕು. ಮೇಲೆ ದಪ್ಪ ಕವರ್ ಇದ್ದರೆ ಅದು ತಡವಾಗಿ, ಇಲ್ಲವೇ ತಪ್ಪು ದಿಕ್ಕಿಗೆ ತೆರೆಯುತ್ತದೆ. ಆ ಜಾಗದಲ್ಲಿ ಬಿಟ್ಟುಕೊಡುವ ಹೊಲಿಗೆಯಿರುವ ಕವರ್‌ಗಳು ಸಿಗುತ್ತವೆ, ಕೇಳಿ ಕೊಳ್ಳಿ. ಮುಂದಿನ ಬಂಪರಿಗೆ ಕಟ್ಟುವ ಕಬ್ಬಿಣದ ಗಾರ್ಡನ್ನು ಕೇಂದ್ರ ಸಾರಿಗೆ ಸಚಿವಾಲಯ 2017ರಲ್ಲಿಯೇ ನಿಷೇಧಿಸಿತು, ಅದು ಡಿಕ್ಕಿಯ ಪೆಟ್ಟು ಏರ್‌ಬ್ಯಾಗ್ ತೆರೆಯಿಸುವ ಸಂವೇದಕಕ್ಕೆ (ಸೆನ್ಸರ್) ತಲುಪುವ ರೀತಿಯನ್ನೇ ಕೆಡಿಸುತ್ತದೆ. ಬೆಲ್ಟಿನ ಎಚ್ಚರಿಕೆ ಶಬ್ದ ನಿಲ್ಲಿಸಲು ಕೊಂಡಿಗೆ ತುರುಕುವ ಲೋಹದ ತುಂಡುಗಳ ಮಾರಾಟದ ವಿರುದ್ಧ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರಲ್ಲಿ ಆದೇಶ ಹೊರಡಿಸಿತು. ಅಂಥದ್ದು ಮನೆಯ ಕಾರಿನಲ್ಲಿದ್ದರೆ ಎಸೆದುಬಿಡಿ.

ನೀವು ಕಂಡ ಬಿಳಿ ಹೊಗೆ ಬೆಂಕಿಯದಲ್ಲ. ಮಡಚಿಟ್ಟ ಚೀಲ ಅಂಟಿಕೊಳ್ಳದಿರಲು ಉದುರಿಸಿರುವ ಪುಡಿ ಮತ್ತು ಅನಿಲ ಹುಟ್ಟಿಸುವ ರಾಸಾಯನಿಕದ ಧೂಳು. ಆದರೂ ಕೆಳಗಿಳಿದದ್ದು ಸರಿಯಾಯಿತು, ಉಬ್ಬಸವಿರುವವರಿಗೆ ಆ ಧೂಳು ಒಳ್ಳೆಯದಲ್ಲ.

ಉತ್ತರ: ರೈತರು, ಪಾಂಡವಪುರ ತಾಲ್ಲೂಕು

ಇಬ್ಬರ ಮಾತನ್ನೂ ಗೌರವದಿಂದ ಓದಿದೆ. ಆದರೆ ನಮ್ಮ ಕಡೆಯವರು ಬೆಲ್ಟು ಹಾಕದಿರುವುದಕ್ಕೆ ಅಸಡ್ಡೆಯೊಂದೇ ಕಾರಣವಲ್ಲ. ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲೆ ತಡೆಗೋಡೆಯಿಲ್ಲದ ರಸ್ತೆಯಲ್ಲಿ ನಾವು ದಿನವೂ ಓಡಾಡುತ್ತೇವೆ. ಕಾರು ನಾಲೆಗೆ ಬಿದ್ದು ಇಡೀ ಕುಟುಂಬವೇ ಮುಳುಗಿದ ಸುದ್ದಿ ಈ ಭಾಗದಲ್ಲಿ ಎಲ್ಲರಿಗೂ ಗೊತ್ತು. ಬೆಲ್ಟು ಕಟ್ಟಿಕೊಂಡು, ಎದುರಿಗೆ ಚೀಲ ಉಬ್ಬಿಕೊಂಡು ನೀರೊಳಗೆ ಸಿಕ್ಕಿಕೊಂಡರೆ ಬಿಡಿಸಿಕೊಳ್ಳುವುದು ಹೇಗೆಂಬ ಭಯ ನಮಗಿದೆ. ಇದಕ್ಕೆ ಉತ್ತರ ಹೇಳದೆ ಬೆಲ್ಟಿನ ಮಾತು ಹೇಳಿದರೆ ಊರಿನಲ್ಲಿ ಯಾರೂ ಕೇಳುವುದಿಲ್ಲ.

ಉತ್ತರ: ಮೂಳೆ ವೈದ್ಯೆ, ಮಂಡ್ಯ

ನಿಮ್ಮ ಭಯ ಕಂಡದ್ದರಿಂದ ಹುಟ್ಟಿದ್ದು, ಅದನ್ನು ತಳ್ಳಿಹಾಕುವಂತಿಲ್ಲ. ಏರಿಗೆ ತಡೆಗೋಡೆ ಬೇಕೆಂಬ ನಿಮ್ಮ ಬೇಡಿಕೆಯೂ ನ್ಯಾಯವಾದದ್ದೇ. ಆದರೆ ಕಾರು ಏರಿಯಿಂದ ಉರುಳಿ ನೀರಿಗೆ ಬಡಿಯುವಷ್ಟರಲ್ಲಿಯೇ ಒಳಗಿನವರ ತಲೆ ಚಾವಣಿಗೂ ಕಂಬಕ್ಕೂ ಬಡಿದಿರುತ್ತದೆ. ಪ್ರಜ್ಞೆ ತಪ್ಪಿದವರು ಬೆಲ್ಟು ಇಲ್ಲದಿದ್ದರೂ ಹೊರಬರಲಾರರು. ಬೆಲ್ಟು ಹಾಕಿದವರಿಗೆ ಎಚ್ಚರವಿದ್ದು ಕೈಕಾಲು ಆಡುವ ಸಾಧ್ಯತೆ ಹೆಚ್ಚು. ಕೆಂಪು ಗುಂಡಿ ಒತ್ತಿದರೆ ಬೆಲ್ಟು ಬಿಚ್ಚುತ್ತದೆ, ಉಬ್ಬಿದ ಚೀಲ ಕ್ಷಣಮಾತ್ರದಲ್ಲಿ ಗಾಳಿ ಬಿಟ್ಟು ಜೋತುಬೀಳುತ್ತದೆ, ಅದು ಯಾರನ್ನೂ ಹಿಡಿದಿಡುವುದಿಲ್ಲ. ಕಾರು ಇನ್ನೂ ತೇಲುತ್ತಿರುವ ಮೊದಲ ಒಂದು ನಿಮಿಷದೊಳಗೆ ಬೆಲ್ಟು ಬಿಚ್ಚಿ, ಬಾಗಿಲಿನ ಗೋಜಿಗೆ ಹೋಗದೆ ಕಿಟಕಿಯ ಗಾಜು ಇಳಿಸಿ, ಮಕ್ಕಳನ್ನು ಮೊದಲು ಹೊರಗೆ ದಾಟಿಸಬೇಕು. ಕಣ್ಣು ಮುಚ್ಚಿಕೊಂಡು ಗುಂಡಿಯನ್ನು ಹುಡುಕಿ ಒತ್ತುವುದನ್ನು ಮನೆಯವರೆಲ್ಲರಿಗೂ ಹಟ್ಟಿಯ ಮುಂದೆ ಕಾರು ನಿಂತಿರುವಾಗಲೇ ನಾಲ್ಕು ಸಲ ಅಭ್ಯಾಸ ಮಾಡಿಸಿ.

ಉತ್ತರ: ಬಾಡಿಗೆ ಕಾರು ಚಾಲಕರು, ಮೈಸೂರು

ನಾನು ರಾತ್ರಿ ಹೊತ್ತು ಮೈಸೂರಿನಿಂದ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಬಾಡಿಗೆ ಹೊಡೆಯುವವನು. 2023ರ ಮಾರ್ಚಿನಲ್ಲಿ ಬೆಂಗಳೂರು ಹೆದ್ದಾರಿ ಉದ್ಘಾಟನೆಯಾದ ಮೇಲೆ ಶ್ರೀರಂಗಪಟ್ಟಣ ದಾಟುವುದರೊಳಗೆ ಪ್ರಯಾಣಿಕರು ನಿದ್ದೆಗೆ ಜಾರುತ್ತಾರೆ, ಏಕೆಂದರೆ ರಸ್ತೆಯಲ್ಲಿ ಕುಲುಕಾಟವಿಲ್ಲ. ಮುಂದೆ ಕುಳಿತವರು ಮೊದಲು ಮಾಡುವ ಕೆಲಸ, ಸೀಟಿನ ಬೆನ್ನನ್ನು ಮಲಗುವ ಮಂಚದಂತೆ ಹಿಂದಕ್ಕೆ ಬಿಡುವುದು. ಬೆಲ್ಟು ಹಾಕಿದ್ದೇವಲ್ಲ ಎನ್ನುತ್ತಾರೆ. ಆಗ ನಾನು ಒಳಗಿನ ದೀಪ ಹಾಕಿ, ಅವರ ಎದೆಗೂ ಬೆಲ್ಟಿಗೂ ನಡುವೆ ನನ್ನ ಅಂಗೈ ಅಗಲದಷ್ಟು ಗಾಳಿ ಇರುವುದನ್ನು ತೋರಿಸುತ್ತೇನೆ. ಗಂಟೆಗೆ ನೂರರ ವೇಗದಲ್ಲಿ ಡಿಕ್ಕಿಯಾದರೆ ಮಲಗಿದವರ ದೇಹ ಬೆಲ್ಟಿನ ಅಡಿಯಿಂದ ಜಾರಿ ಮುಂದಕ್ಕೆ ಹೋಗುತ್ತದೆ, ಸೊಂಟದ ಪಟ್ಟಿ ಹೊಟ್ಟೆಗೋ ಮೇಲಿನ ಪಟ್ಟಿ ಕುತ್ತಿಗೆಗೋ ಸಿಗುತ್ತದೆ. ಅಂಥವರಿಗೆ ಏರ್‌ಬ್ಯಾಗ್ ತೆರೆದರೂ ಅದು ಎದೆಗೆ ಸಿಗದೆ ತಪ್ಪಿದ ಜಾಗಕ್ಕೆ ತಾಗುತ್ತದೆ.

ನಿದ್ದೆ ಮಾಡಲೇಬೇಕೆನ್ನುವವರಿಗೆ ನಾನು ಬೆನ್ನನ್ನು ಸ್ವಲ್ಪ ಮಾತ್ರ ವಾಲಿಸಿ, ಬೆನ್ನ ಕೆಳಭಾಗ ಸೀಟಿನ ಮೂಲೆಗೆ ತಾಗುವಂತೆ ಕೂರಿಸುತ್ತೇನೆ. ತಲೆಯ ಹಿಂದಿನ ದಿಂಬನ್ನು ಅವರ ತಲೆಯ ಎತ್ತರಕ್ಕೆ ಏರಿಸಿಕೊಡುತ್ತೇನೆ, ಹಿಂದಿನಿಂದ ಯಾರಾದರೂ ಗುದ್ದಿದರೆ ಕುತ್ತಿಗೆಯನ್ನು ಕಾಯುವುದು ಅದೇ. ಕಿಟಕಿಗೆ ತಲೆ ಆನಿಸಿ ಮಲಗುವವರಿಗೆ, ಚಾವಣಿಯ ಅಂಚಿನಿಂದ ಪರದೆಯಂತೆ ಇಳಿಯುವ ಏರ್‌ಬ್ಯಾಗ್ ಇರುವ ಕಾರು ಇದು, ತಲೆಯನ್ನು ನೇರ ಇಟ್ಟುಕೊಳ್ಳಿ ಎಂದು ಕುತ್ತಿಗೆಯ ದಿಂಬು ಕೊಡುತ್ತೇನೆ. ಕಿಟಕಿಯ ಮೇಲಿನ ಕೊಕ್ಕೆಗೆ ಹ್ಯಾಂಗರಿನಲ್ಲಿ ಕೋಟು ತೂಗುಹಾಕುವುದನ್ನೂ ಅದೇ ಕಾರಣಕ್ಕೆ ಬೇಡವೆನ್ನುತ್ತೇನೆ. ಕೊಡಗು ಅಥವಾ ಊಟಿಯಿಂದ ಮರಳುವ ಹುಡುಗರು ಕಾಲನ್ನು ಡ್ಯಾಶ್‌ಬೋರ್ಡಿನ ಮೇಲೆ ಇಟ್ಟರೆ ಕಾರನ್ನು ಬದಿಗೆ ನಿಲ್ಲಿಸಿ, ಕಾಲು ಇಳಿಸುವವರೆಗೆ ಹೊರಡುವುದಿಲ್ಲ. ಇದರಿಂದ ಒಂದೆರಡು ಸಲ ಕಡಿಮೆ ಅಂಕ ಕೊಟ್ಟವರೂ ಇದ್ದಾರೆ, ಪರವಾಗಿಲ್ಲ.

ಹಿಂದೆ ಕೂರುವವರಿಗೂ ನಾನು ಬೆಲ್ಟು ಹಾಕಿಸುತ್ತೇನೆ. 2022ರ ಸೆಪ್ಟೆಂಬರಿನಲ್ಲಿ ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿಯವರು ತೀರಿಕೊಂಡಾಗ, ಹಿಂದಿನ ಸೀಟಿನಲ್ಲಿ ಬೆಲ್ಟಿಲ್ಲದೆ ಇದ್ದ ಇಬ್ಬರೂ ಹೋದರು, ಮುಂದಿನ ಇಬ್ಬರು ಗಾಯಗೊಂಡು ಬದುಕಿದರು. ಹಿಂದಿನವರು ಬೆಲ್ಟು ಹಾಕದಿದ್ದರೆ ಅವರ ಭಾರವೆಲ್ಲ ಮುಂದಿನ ಸೀಟಿನ ಬೆನ್ನಿಗೆ ಬೀಳುತ್ತದೆ. ಬೆಲ್ಟು ಹಾಕಿದ ಮುಂದಿನವರೂ ಆಗ ಏರ್‌ಬ್ಯಾಗಿನ ಮೇಲೆ ನೂಕಲ್ಪಡುತ್ತಾರೆ.

ಅಮ್ಮಾ, ನಿಮ್ಮ ಯಜಮಾನರಿಗೂ ಒಂದು ಮಾತು ತಿಳಿಸಿ. ಎದೆಯ ನಡುಮೂಳೆಯಿಂದ ಸ್ಟೇರಿಂಗಿನ ನಡುವಿಗೆ ಇಪ್ಪತ್ತೈದು ಸೆಂಟಿಮೀಟರ್, ಅಂದರೆ ಒಂದು ಗೇಣಿನ ಮೇಲೆ ಎರಡು ಬೆರಳು ಅಂತರವಿರಲಿ. ಕೈಗಳು ಗಡಿಯಾರದ ಒಂಬತ್ತು ಮತ್ತು ಮೂರರ ಜಾಗದಲ್ಲಿರಲಿ. ಸ್ಟೇರಿಂಗಿನ ಮೇಲ್ಭಾಗಕ್ಕೆ ಅಡ್ಡಲಾಗಿ ತೋಳಿಟ್ಟುಕೊಂಡು ಓಡಿಸುವವರ ಮುಂಗೈಗೂ ನಿಮ್ಮ ಅತ್ತೆಯವರಿಗೆ ಆದದ್ದೇ ಆಗುತ್ತದೆ.

ಪ್ರಶ್ನೆ ಕೇಳಿದವರು: ಕುವೆಂಪುನಗರದ ನಿವಾಸಿ, ಮೈಸೂರು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದ. ಕಾರನ್ನು ಆ ಅಂಗಡಿಯಿಂದ ಬಿಡಿಸಿ ಬೇರೆ ಕಡೆ ಒಯ್ದಿದ್ದೇವೆ, ಎರಡೂ ಏರ್‌ಬ್ಯಾಗ್ ಹೊಸದಾಗಿ ಬರಲಿವೆ. ಅತ್ತೆಯವರ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದೆವು, ದೇವರ ದಯೆಯಿಂದ ಒಳಗೆ ಏನೂ ಆಗಿಲ್ಲ. ನಿಮ್ಮ ಬರಹಗಳನ್ನು ಅವರಿಗೆ ಓದಿ ಹೇಳಿದಾಗ ಬಹಳ ಹೊತ್ತು ಸುಮ್ಮನಿದ್ದು, ಇನ್ನು ಮುಂದೆ ಹಿಂದಿನ ಸೀಟಿನಲ್ಲಿ ಬೆಲ್ಟು ಹಾಕಿಕೊಂಡು ಕೂರುತ್ತೇನೆ, ಆದರೆ ನನ್ನ ಪಾದ ನೆಲಕ್ಕೆ ಎಟಕುವುದಿಲ್ಲ, ಜೋತುಬಿದ್ದು ಊದಿಕೊಳ್ಳುತ್ತದೆ, ಅದಕ್ಕೇ ನಾನು ಮಡಚುತ್ತಿದ್ದದ್ದು ಎಂದರು. ಅವರು ಕುಳ್ಳಗಿರುವುದನ್ನು ನಾವು ಇಷ್ಟು ವರ್ಷ ಗಮನಿಸಿಯೇ ಇರಲಿಲ್ಲ. ಊಟಕ್ಕೆ ಕೂರುವ ಮರದ ಮಣೆಯೊಂದನ್ನು ಕಾಲಿನ ಕೆಳಗೆ ಇಡಬಹುದೇ?

ಉತ್ತರ: ಮೂಳೆ ವೈದ್ಯೆ, ಮಂಡ್ಯ

ಮರದ ಮಣೆ ಬೇಡ. ಡಿಕ್ಕಿಯಾದರೆ ಅದೇ ಹಾರಿ ಅವರ ಕಣಕಾಲಿಗೋ ಮಗುವಿಗೋ ಬಡಿಯುತ್ತದೆ. ಹಳೆಯ ಜಮಖಾನವನ್ನು ಬಿಗಿಯಾಗಿ ಮಡಚಿ, ಹೊಲಿದು, ಮುಂದಿನ ಸೀಟಿನ ಕೆಳಗಿನ ಜಾಗಕ್ಕೆ ಒತ್ತಿ ಕೂರಿಸಿ. ಪಾದ ಸಮತಟ್ಟಾಗಿ ಊರುವಷ್ಟು ಎತ್ತರವಿದ್ದರೆ ಸಾಕು, ಮೊಣಕಾಲು ಸೊಂಟಕ್ಕಿಂತ ಮೇಲೇಳಬಾರದು. ಅವರ ಬೆನ್ನ ಹಿಂದೆ ದಿಂಬು ಇಡಬೇಡಿ, ಅದು ಅವರನ್ನು ಬೆಲ್ಟಿನಿಂದ ಮುಂದಕ್ಕೆ ತಳ್ಳುತ್ತದೆ. ಗಂಟೆಗೊಮ್ಮೆ ಕಾರು ನಿಲ್ಲಿಸಿ ಹತ್ತು ಹೆಜ್ಜೆ ನಡೆಸಿ, ಕುಳಿತಾಗಲೂ ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿರಲಿ; ಊತ ಇಳಿಯುತ್ತದೆ. ಒಂದೇ ಕಾಲು ಊದಿ ಮೀನಖಂಡದಲ್ಲಿ ನೋವಿದ್ದರೆ ಮಾತ್ರ ಪ್ರಯಾಣ ಮುಂದೂಡಿ ನನ್ನಂಥ ಯಾರಿಗಾದರೂ ತೋರಿಸಿ. ಕೈಯ ಪ್ಲಾಸ್ಟರ್ ಇರುವವರೆಗೆ ಅವರನ್ನು ಎಡ ಬಾಗಿಲಿನ ಬದಿಗೆ ಕೂರಿಸಿ, ಬಲಗಡೆಯಿರುವ ಬೆಲ್ಟಿನ ಕೊಂಡಿಯನ್ನು ನೀವೇ ಹಾಕಿ ನೀವೇ ಬಿಚ್ಚಿ. ಪ್ಲಾಸ್ಟರ್ ತೆಗೆದ ಮೇಲೆ ಗಾಜಿನ ಬಳೆ ತೊಡಿಸುವುದಕ್ಕೆ ನನ್ನ ಅಡ್ಡಿಯೇನೂ ಇಲ್ಲ; ಡ್ಯಾಶ್‌ಬೋರ್ಡಿಗೆ ಆ ಕೈ ಹೋಗದಿದ್ದರೆ ಸಾಕು.